ಬಲಗಡೆ ನಿಂತವನ ಬೆಂಕಿ

ನಮ್ಮ ಮನೆಯ ಟಿವಿ ಗೇಮಿನಲ್ಲಿ ಹೊಡೆದಾಟದ ಕ್ಯಾಸೆಟ್ ಒಂದೇ ಇತ್ತು. ಆರಿಸಿಕೊಳ್ಳಲು ಪರದೆಯ ತುಂಬ ಪೈಲ್ವಾನರು. ನಿಜವಾಗಿ ನೋಡಿದರೆ ಆಳುಗಳು ಕೆಲವೇ. ಅವರಿಗೇ ಬಟ್ಟೆಯ ಬಣ್ಣ ಬದಲಿಸಿ ಮತ್ತೆ ಮತ್ತೆ ನಿಲ್ಲಿಸಿದ್ದರು. ನಮ್ಮದು ಕಪ್ಪು ಬಿಳುಪು ಟಿವಿ. ಇಬ್ಬರೂ ಒಬ್ಬನನ್ನೇ ಆರಿಸಿದರೆ ನನ್ನವನು ಯಾರು, ಎದುರಿನವನು ಯಾರು ಎಂದು ತಿಳಿಯುತ್ತಿರಲಿಲ್ಲ. ಎಷ್ಟೋ ಸಲ ಗೆದ್ದೆನೆಂದು ಕುಣಿದ ಮೇಲೆ, ನೆಲಕ್ಕೆ ಬಿದ್ದವನೇ ನನ್ನವನೆಂದು ಗೊತ್ತಾಗಿದೆ.

ಅದರ ಕಾಟ ಒಂದೆರಡಲ್ಲ. ಕ್ಯಾಸೆಟ್ಟನ್ನು ಕಿತ್ತು, ಬಾಯಿಂದ ಊದಿ, ಮತ್ತೆ ಹಾಕಿ, ತುಸು ವಾಲಿಸಿ ಹಿಡಿದರೆ ಚಿತ್ರ ಬರುತ್ತಿತ್ತು. ಅಡಾಪ್ಟರ್ ಇಸ್ತ್ರಿಪೆಟ್ಟಿಗೆಯ ಹಾಗೆ ಕಾಯುತ್ತಿತ್ತು. ಅದು ಆರುವ ತನಕ ಸುಮ್ಮನೆ ಗೋಡೆ ನೋಡುತ್ತ ಕೂರಬೇಕು. ಒಬ್ಬಳೇ ಆಡುವಾಗ ಎದುರಾಳಿ, ನಾನು ಗುಂಡಿ ಒತ್ತುವ ಮೊದಲೇ ತಿಳಿದವನಂತೆ ತಡೆದುಬಿಡುತ್ತಿದ್ದ. ನನ್ನ ಗುದ್ದು ಅವನ ಹೊಟ್ಟೆಯೊಳಗೆ ಹಾದುಹೋದರೂ ತಾಗುತ್ತಿರಲಿಲ್ಲ. ಅವನ ಕಾಲು ಇನ್ನೂ ದೂರದಲ್ಲಿದ್ದಾಗಲೇ ನಾನು ಬೀಳುತ್ತಿದ್ದೆ. ಹೇಗೋ ಎಲ್ಲರನ್ನೂ ಸೋಲಿಸಿದೆ ಅನ್ನಿ, ಏನೂ ಆಗುತ್ತಿರಲಿಲ್ಲ. ಒಂದು ಶಹಬ್ಬಾಸ್ ಇಲ್ಲ. ಮೊದಲಿಗೆ ಸೋತವನೇ ಎದ್ದು ಬಂದು ಮತ್ತೆ ಎದುರು ನಿಲ್ಲುತ್ತಿದ್ದ.

ಆದರೂ ಆಡುತ್ತಿದ್ದೆ. ಬೇರೆ ಏನು ಮಾಡಬೇಕಿತ್ತು? ಭಾಂಡುಪ್‌ನ ಗುಡ್ಡದ ಬದಿಯಲ್ಲಿ ನಮ್ಮ ಚಾಳು. ಅಪ್ಪ ಬಿಲ್ಡಿಂಗ್ ಕಟ್ಟುವ ಕೆಲಸಕ್ಕೆ, ಅವ್ವ ಕಾಲನಿಯ ಮನೆಗಳಲ್ಲಿ ಪಾತ್ರೆ ತಿಕ್ಕಲು, ಅಣ್ಣ ಫ್ಯಾಕ್ಟರಿಗೆ. ಬೆಳಗಿನ ನೀರು ತುಂಬಿಸಿದ ಮೇಲೆ ಸಂಜೆಯ ತನಕ ಖೋಲಿಯಲ್ಲಿ ನಾನೊಬ್ಬಳೇ. ನಾನು ಓದುತ್ತಿದ್ದ ಮುನಿಸಿಪಾಲ್ಟಿ ಕನ್ನಡ ಶಾಲೆ ಏಳನೇ ಇಯತ್ತೆಗೆ, ಅಂದರೆ ಏಳನೇ ತರಗತಿಗೆ, ಮುಗಿಯುತ್ತಿತ್ತು. ಮುಂದಿನ ಶಾಲೆಗೆ ಲೋಕಲ್ ಹತ್ತಿ ಹೋಗಬೇಕು. ಹುಡುಗಿಯನ್ನು ಆ ಗದ್ದಲದಲ್ಲಿ ಕಳಿಸಲು ಅಪ್ಪ ಒಪ್ಪಲಿಲ್ಲ. ನೆರೆಯ ಹುಡುಗಿಯರೆಲ್ಲ ಮರಾಠಿ ಶಾಲೆಯವರು, ಮಧ್ಯಾಹ್ನ ಯಾರೂ ಇರುತ್ತಿರಲಿಲ್ಲ. ದಿನವಿಡೀ ಮಾತೇ ಆಡದೆ ಇದ್ದು, ಅವ್ವ ಬಂದು ಏನಾದರೂ ಕೇಳಿದಾಗ ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸುತ್ತಿತ್ತು.

ಆ ಟಿವಿ ಗೇಮ್ ತಂದವನು ಅಣ್ಣ. ದಾದರ್ ಸ್ಟೇಷನ್ನಿನ ಹೊರಗೆ ಫುಟ್‌ಪಾತಿನಲ್ಲಿ ಯಾರೋ ಆಡಿ ಬಿಟ್ಟಿದ್ದನ್ನು ಮಾರುತ್ತಿದ್ದರಂತೆ. "ಒಬ್ಬಾಕೀನ ಕುಂತು ಕುಂತು ಹುಚ್ಚ ಹಿಡಿದೀತು ನಿನಗ. ತಗೋ, ಯಾರನ್ನರ ಹೊಡಿ" ಅಂದಿದ್ದ.

ಅವನು ಫ್ಯಾಕ್ಟರಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ಕಲಿಯುತ್ತಿದ್ದ. ಕಸ ಬಳಿಯುವ ಕೆಲಸಕ್ಕೆ ಸೇರಿದವನು, ಮೇಸ್ತ್ರಿಯ ಹಿಂದೆ ಬಿದ್ದು ಯಂತ್ರದ ಹತ್ತಿರ ನಿಲ್ಲುವಷ್ಟಕ್ಕೆ ಬಂದಿದ್ದ. ಊಟ ಮಾಡುವಾಗಲೂ ಅದೇ ಮಾತು. ರೊಟ್ಟಿಯನ್ನು ತಿರುಗಿಸುತ್ತ, ಉಳಿ ಹೇಗೆ ಹಿಡಿಯಬೇಕು, ಎಡಗೈಯಲ್ಲಿ ಎಷ್ಟು ಮೆಲ್ಲಗೆ ಹಿಡಿಕೆ ತಿರುವಬೇಕು ಎಂದು ತೋರಿಸುತ್ತಿದ್ದ. "ಊಟ ಮಾಡೋ ಮಾರಾಯಾ, ಕಬ್ಬಣ ಆಮೇಲೆ ತಿನ್ನುವಂತಿ" ಎಂದು ಅವ್ವ ಬೈಯುತ್ತಿದ್ದಳು.

ಒಂದು ಮಳೆಗಾಲ ಆ ಯಂತ್ರಕ್ಕೇ ಅವನ ಎಡಗೈ ಹೆಬ್ಬೆರಳು ಸಿಕ್ಕಿತು. ಬೆರಳು ಉಳಿಯಿತು, ಆದರೆ ಸೆಟೆದು ನಿಂತಿತು. ಮೇಸ್ತ್ರಿ ಒಳ್ಳೆಯವನು. ದೀಪಾವಳಿ ತನಕ ಜಾಗ ಖಾಲಿ ಇಡುತ್ತೇನೆ, ಬೆರಳು ಓಡಾಡಿದರೆ ಬಾ, ಇಲ್ಲದಿದ್ದರೆ ಬೇಡ, ಇನ್ನೊಂದು ಬೆರಳು ಕಳಕೊಳ್ಳುತ್ತೀ ಎಂದು ಹೇಳಿ ಕಳಿಸಿದ.

ಹೀಗೆ ಅಣ್ಣ ಮನೆಯಲ್ಲಿ ಉಳಿದ. ಬೆರಳನ್ನು ಆಡಿಸುತ್ತಿರಬೇಕೆಂದು ಆಸ್ಪತ್ರೆಯಲ್ಲಿ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅದನ್ನು ಹಿಚುಕಿ ಹಿಚುಕಿ ಬೇಸರವಾಗಿ, ನನ್ನ ಪಕ್ಕ ಬಂದು ಕೂತು ಎರಡನೆಯ ರಿಮೋಟ್ ಎತ್ತಿಕೊಂಡ. ಆಟ ಶುರು ಮಾಡುವ ಗುಂಡಿ ಇದ್ದದ್ದು ಮೊದಲನೆಯ ರಿಮೋಟಿನಲ್ಲಿ ಮಾತ್ರ. ಆಟ ಬಲ್ಲವಳು ನಾನು, ಹಾಗಾಗಿ ಅದು ನನ್ನ ಕೈಯಲ್ಲೇ ಉಳಿಯಿತು. ಮೊದಲನೆಯ ರಿಮೋಟಿನವರು ಪರದೆಯ ಎಡಕ್ಕೆ ನಿಲ್ಲುತ್ತಿದ್ದರು, ಎರಡನೆಯವರು ಬಲಕ್ಕೆ.

ಆ ಆಟದಲ್ಲಿ ಒಂದು ಪೆಟ್ಟು ಇತ್ತು. ಎಡ ಹೆಬ್ಬೆರಳನ್ನು ಕೆಳಗಿನಿಂದ ಎದುರಾಳಿಯ ಕಡೆಗೆ ಹೊರಳಿಸಿ, ತಕ್ಷಣ ಬಲಗೈಯಿಂದ ಗುಂಡಿ ಒತ್ತಿದರೆ ಅಂಗೈಯಿಂದ ಬೆಂಕಿಯುಂಡೆ ಹೊರಡುತ್ತದೆ. ನಾನು ಅದನ್ನು ಕಣ್ಣು ಮುಚ್ಚಿ ಹೊಡೆಯುತ್ತಿದ್ದೆ. ಅಣ್ಣನಿಗೆ ಬರುತ್ತಿರಲಿಲ್ಲ. ಅವನ ಆಳು ಕೂರುತ್ತಿದ್ದ, ಏಳುತ್ತಿದ್ದ, ಗಾಳಿಗೆ ಗುದ್ದುತ್ತಿದ್ದ, ಅಷ್ಟೇ.

"ಹಿಂಗ ಹೊಳ್ಳಸಬೇಕು, ಬಡಿಯಬಾರದು" ಎಂದು ನಾನು ತೋರಿಸುತ್ತಿದ್ದೆ.

"ಹಿಂಗೇ ಹೊಳ್ಳಸಾಕತ್ತೀನಲ್ಲ! ಈ ಬಟ್ಟು ಕೇಳಬೇಕಲ್ಲ" ಎಂದು ಹೆಬ್ಬೆರಳನ್ನು ಹಲ್ಲಿನಿಂದ ಕಚ್ಚುತ್ತಿದ್ದ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಇನ್ನೂ ಶಾಲೆಗೆ ಹೋಗದ ಮಕ್ಕಳು "ದಾದಾ ಹರಲಾ! ದಾದಾ ಹರಲಾ!" ಎಂದು ಅವನ ಸೋಲನ್ನು ಮರಾಠಿಯಲ್ಲಿ ಓಣಿಗೆಲ್ಲ ಸಾರುತ್ತಿದ್ದರು. ಅಣ್ಣ ಚಪ್ಪಲಿ ಎಸೆದು ಅವರನ್ನು ಓಡಿಸಿ, ನಗುತ್ತ ಬಂದು ಮತ್ತೆ ಕೂರುತ್ತಿದ್ದ. ಯಾವಾಗಲೋ ಅದು ಆಟವಾಗಿ ಉಳಿಯಲಿಲ್ಲ. "ಈ ಬೆಂಕಿ ಬಂದ ದಿನ ನನ್ನ ಬಟ್ಟು ಬಂತು ಅಂತ ತಿಳಿ. ಮರುದಿನಾನ ಮೇಸ್ತ್ರಿ ಮುಂದ ಹೋಗಿ ನಿಂದ್ರತೀನಿ" ಅಂದ. ಆಸ್ಪತ್ರೆಯವರು ಬೆರಳು ಸುಧಾರಿಸುತ್ತಿದೆ ಅಂದರೂ ಅವನು ನಂಬುತ್ತಿರಲಿಲ್ಲ. ಅವರು ಎಲ್ಲರಿಗೂ ಹಾಗೇ ಹೇಳುತ್ತಾರೆ, ಈ ಡಬ್ಬಿ ಸುಳ್ಳು ಹೇಳುವುದಿಲ್ಲ ಎಂಬುದು ಅವನ ಲೆಕ್ಕ.

ಒಂದು ದಿನ ಬೆಂಕಿ ಬಂತು. ಅವನು ನನ್ನ ತಲೆಯ ಮೇಲಿಂದ ಜಿಗಿದು ಆಚೆ ಬದಿಗೆ ಬಿದ್ದಿದ್ದ, ಅಲ್ಲಿಂದ ಹೊಡೆದ. ಖೋಲಿ ಹಾರಿಹೋಗುವಂತೆ ಕೂಗಿದ. ಆದರೆ ಮುಂದಿನ ಆಟದಲ್ಲಿ ಬರಲಿಲ್ಲ, ಅದರ ಮುಂದಿನದರಲ್ಲೂ ಬರಲಿಲ್ಲ. "ನಸೀಬಲೆ ಬಂದಿತ್ತು, ಬಿಡು" ಎಂದು ರಿಮೋಟ್ ಕೆಳಗಿಟ್ಟ.

ಮರುದಿನ ಅವನು ಆಸ್ಪತ್ರೆಗೆ ಹೋದಾಗ ನಾನು ಎರಡನೆಯ ರಿಮೋಟನ್ನು ಕೈಗೆ ತೆಗೆದುಕೊಂಡೆ. ಬಲಗಡೆ ನಿಂತು ಬೆಂಕಿ ಹೊಡೆಯಲು ನೋಡಿದೆ. ಬರಲಿಲ್ಲ. ನನ್ನ ಹೆಬ್ಬೆರಳಿಗೆ ಏನಾಗಿತ್ತು? ಮತ್ತೆ ಹೊಡೆದೆ, ಇಲ್ಲ. ಜಿಗಿದು ಎಡಗಡೆಗೆ ಹೋಗಿ ಹೊಡೆದೆ, ಒಂದೇ ಏಟಿಗೆ ಬಂತು. ಮೊದಲನೆಯ ರಿಮೋಟಿನವನನ್ನು ಬಲಕ್ಕೆ ದಾಟಿಸಿ ನೋಡಿದೆ. ಅವನಿಗೂ ಅಲ್ಲಿಂದ ಬರಲಿಲ್ಲ. ತಪ್ಪು ರಿಮೋಟಿನದಲ್ಲ, ಅಣ್ಣನ ಬೆರಳಿನದಂತೂ ಅಲ್ಲವೇ ಅಲ್ಲ. ಆ ಆಟ ಮಾಡಿದವರೇ ಅದನ್ನು ಅರೆಬರೆ ಮಾಡಿದ್ದರು. ಬಲಗಡೆ ನಿಂತವನಿಗೆ ಅದರಲ್ಲಿ ಬೆಂಕಿಯೇ ಇರಲಿಲ್ಲ.

ಹೇಳಬೇಕೆಂದೇ ಬಾಗಿಲಲ್ಲಿ ಕಾದು ನಿಂತಿದ್ದೆ. ಅಣ್ಣ ಬಂದವನು ಚಪ್ಪಲಿ ಬಿಡುತ್ತಲೇ, ದಾರಿಯಲ್ಲಿ ಮೇಸ್ತ್ರಿ ಸಿಕ್ಕಿದ್ದನೆಂದ. ದೀಪಾವಳಿ ಆದ ಮೇಲೆ ಫ್ಯಾಕ್ಟರಿಯಲ್ಲಿ ಕೆಲಸ ಜಾಸ್ತಿಯಂತೆ, ಎರಡೆರಡು ಪಾಳಿ, ಅಲ್ಲಿಯೇ ಮಲಗುವುದು. "ಬಟ್ಟು ನೆಟ್ಟಗಾತು ಅಂದ್ರ ಮನೀ ಮಾರಿ ನೋಡೂದು ಐತವಾರಕ್ಕೊಮ್ಮೆ ನೋಡು" ಅಂದ. ಆಸೆಯಿಂದಲೇ ಹೇಳಿದ.

ನಾನು ಬಾಗಿಲಿಂದ ಒಳಗೆ ಸರಿದೆ. ಚಹಾ ಮಾಡಿದೆ. ಆಮೇಲೆ ಆಡಲು ಕೂತೆವು.

ಸುಮ್ಮನಿದ್ದದ್ದಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಅಂದಿನಿಂದ ನಾನು ಅವನನ್ನು ಎಡಗಡೆಗೆ ದಾಟಲು ಬಿಡಲಿಲ್ಲ. ಅವನು ಜಿಗಿದರೆ ಗಾಳಿಯಲ್ಲೇ ಒದ್ದು ಕೆಡವುತ್ತಿದ್ದೆ. ತಪ್ಪಿ ದಾಟಿದರೆ ನಾನೂ ಕೂಡಲೇ ಜಿಗಿದು ನನ್ನ ಜಾಗ ಹಿಡಿಯುತ್ತಿದ್ದೆ. ಬಲತುದಿಗೆ ನೂಕಿ ಅಲ್ಲೇ ಅದುಮಿ ಇಡುತ್ತಿದ್ದೆ. ಇದನ್ನೆಲ್ಲ ಯೋಚನೆ ಮಾಡಿಯೇ ಮಾಡಿದೆ. "ಏನ ಹೊಡಿತೀಯೇ ತಂಗಿ! ನಿನ್ನ ಲಗ್ನಾ ಆಗಾವನ ಗತಿ ಏನಲೇ?" ಎಂದು ಅವನು ನಗುತ್ತಿದ್ದ. ನನಗೂ ನಗು ಬರುತ್ತಿತ್ತು. ಮಧ್ಯಾಹ್ನ ಪಕ್ಕದಲ್ಲಿ ಒಬ್ಬರು ಕೂತಿದ್ದಾರೆ, ಅವರಿಗೆ ಕಲಿಸಲು ನನ್ನಲ್ಲೂ ಒಂದು ವಿದ್ಯೆ ಇದೆ. ನನ್ನ ಬದುಕಿನಲ್ಲಿ ಅಂಥ ದಿನಗಳು ಅದಕ್ಕೆ ಮುಂಚೆ ಬಂದಿರಲಿಲ್ಲ.

ಅವನು ನಗುವುದು ಕಡಿಮೆಯಾಗುತ್ತ ಬಂತು. ದೀಪಾವಳಿ ಬಂತು. ಹಬ್ಬ ಕಳೆದ ಮೇಲೆ ಅಪ್ಪ "ಒಮ್ಮೆ ಹೋಗಿ ಮೇಸ್ತ್ರಿನ್ನ ಕಂಡು ಬಾರೋ" ಅಂದರೆ, ಅಣ್ಣ "ಬ್ಯಾಡಪ್ಪ. ಈ ಕೈ ಇನ್ನ ಮಶೀನಿಗೆ ಅಲ್ಲ" ಅಂದ. ನಾನು ಒಲೆಯ ಮುಂದೆ ಕೂತಿದ್ದೆ. ಆಗ ಹೇಳಬಹುದಿತ್ತು. ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂದು ಹೆದರಿ ರೊಟ್ಟಿ ಬಡಿಯುತ್ತಲೇ ಇದ್ದೆ.

ಮನೆಯಲ್ಲೇ ಉಳಿಯುತ್ತಾನೆ ಎಂದುಕೊಂಡಿದ್ದೆ. ಊರಿನ ಕಡೆಯವರೊಬ್ಬರು ಬೊರಿವಲಿಯ ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್ ಕೆಲಸ ಕೊಡಿಸಿದರು. ಅಲ್ಲಿಯೇ ಗೇಟಿನ ಪಕ್ಕದ ಕೋಣೆಯಲ್ಲಿ ಇರುವುದು. ಅವನು ಟ್ರಂಕು ಹೊತ್ತು ಹೋದ ಮೇಲೆ ಖೋಲಿ ಮೊದಲಿಗಿಂತ ದೊಡ್ಡದಾಯಿತು. ಟಿವಿ ಗೇಮ್ ಹಚ್ಚಿದರೆ ಬಲಗಡೆ ಅವನ ಆಳು ಯಾರೂ ಆಡಿಸದೆ ಸುಮ್ಮನೆ ನಿಂತು ಉಸಿರಾಡುತ್ತಿದ್ದ. ನಾನು ಹೊಡೆಯದೆ ನೋಡುತ್ತಿದ್ದೆ. ಗಡಿಯಾರ ಓಡಿ ಆಟ ತಾನೇ ಮುಗಿಯುತ್ತಿತ್ತು.

ಚಳಿ ಶುರುವಾದ ಮೇಲೆ ಒಂದು ದಿನ ಅವ್ವ ಜ್ವರದಲ್ಲಿದ್ದಳು. ಅವನಿಗೆ ಕಟ್ಟಿದ ರೊಟ್ಟಿಗಂಟು ಹಿಡಿದು ನಾನೇ ಹೊರಟೆ. ದಾದರ್‌ನಲ್ಲಿ ಸೇತುವೆ ಹತ್ತಿಳಿದು ಗಾಡಿ ಬದಲಿಸಿ, ಕೇಳಿ ಕೇಳಿ ಆ ಬಿಲ್ಡಿಂಗ್ ಮುಟ್ಟಿದೆ. ಅಣ್ಣ ನೆಲದ ಕುಣಿಯೊಳಗೆ ಬಗ್ಗಿ ನೀರಿನ ವಾಲ್ವ್ ತಿರುವುತ್ತಿದ್ದ. ತುಕ್ಕು ಹಿಡಿದ ಬಿಗಿ ವಾಲ್ವ್. ಎಡಗೈಯ ಹೆಬ್ಬೆರಳು ಅದನ್ನು ಉಳಿದ ಬೆರಳುಗಳ ಜೊತೆ ಸೇರಿ ಒತ್ತಿ ಹಿಡಿದಿತ್ತು.

"ನಿನ್ನ ಕೈ ಛಲೋ ಆಗೇತಲ್ಲೋ ಅಣ್ಣಾ" ಅಂದೆ.

"ನೀರ ಬಿಡಾಕ ಇಷ್ಟ ಸಾಕು. ಲೇತಿಗೆ ಇದು ಸಾಲಂಗಿಲ್ಲ. ನೋಡಿದೆಲ್ಲ, ಆ ಬೆಂಕೀನ ಬರಲಿಲ್ಲ."

ಅಲ್ಲೇ ನಿಂತು ಹೇಳಿಬಿಟ್ಟೆ. ಬಲಗಡೆಯಿಂದ ಅದು ಯಾರಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ, ಆಟವೇ ಕೆಟ್ಟದ್ದು ಎಂದೆ. ಅಣ್ಣ ಕೈ ಒರೆಸಿಕೊಳ್ಳುತ್ತ ಎದ್ದು ನಿಂತ.

"ಯಾವಾಗ ಗೊತ್ತಾತು ನಿನಗ?"

"ನಿನ್ನೆ" ಅಂದೆ.

ಅವನು ನಕ್ಕ. ಎಷ್ಟು ಜೋರಾಗಿ ಎಂದರೆ ಮೇಲಿನ ಮನೆಯ ಹೆಂಗಸೊಬ್ಬಳು ಬಗ್ಗಿ ನೋಡಿದಳು. "ಅಬಾಬಾ! ಡಬ್ಬಿ ನನಗ ಟೋಪಿ ಹಾಕ್ತಲ್ಲೇ! ನಿನ್ನೆ ತಿಳೀತು, ಇವತ್ತ ಓಡಿ ಬಂದಿ. ಶಾಣ್ಯಾಕಿ ನನ್ನ ತಂಗಿ" ಎಂದು ತಲೆ ಸವರಿದ. ರೊಟ್ಟಿ ಅಲ್ಲೇ ಬಿಚ್ಚಿ ನನಗೂ ತಿನ್ನಿಸಿದ.

ಮುಂದಿನ ರಜೆಯಲ್ಲಿ ಫ್ಯಾಕ್ಟರಿಗೆ ಹೋದ. ಅವನ ಲೇತಿನ ಮುಂದೆ ಬೇರೆ ಹುಡುಗ ನಿಂತಿದ್ದ. ಮೇಸ್ತ್ರಿ ಇವನ ಹೆಬ್ಬೆರಳನ್ನು ಹಿಡಿದು, ಬಾಗಿಸಿ ನೋಡಿ, ದೀಪಾವಳಿಗೇ ಯಾಕೆ ಬರಲಿಲ್ಲ ಎಂದು ಬೈದನಂತೆ. ಅಣ್ಣ ಮನೆಗೆ ಬಂದು ಇದನ್ನು ಹೇಳುವಾಗ ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲಿಲ್ಲ. "ನೀ ಒಂಚೂರು ಮೊದಲ ಬಲಗಡೆ ಆಡಿ ನೋಡಬೇಕಿತ್ತು ನೋಡ ತಂಗಿ" ಎಂದ, ಅಷ್ಟೇ. ಆ ಮಾತು ಹೇಳಿದವನು ಅದನ್ನು ಆಗಲೇ ಮರೆತಿರಬೇಕು.

ಅವನು ಮತ್ತೆ ಯಂತ್ರದ ಹತ್ತಿರ ಹೋಗಲಿಲ್ಲ. ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಹೋದ, ಅಲ್ಲೇ ಕೂದಲು ಬೆಳ್ಳಗಾಯಿತು. ಆದರೆ ಈ ಕಥೆಯನ್ನು ಅವನು ಬಿಡಲಿಲ್ಲ. ನನ್ನ ಮದುವೆಯ ಮಾತುಕತೆಗೆ ಬಂದವರಿಗೆ ಹೇಳಿದ. ಏಳನೇ ಇಯತ್ತೆ ಓದಿದವಳು, ಆಟ ಮಾಡಿದ ಇಂಜಿನಿಯರನ ತಪ್ಪು ಹಿಡಿದಳು ಎಂದು. ನಾನು ತಲೆ ತಗ್ಗಿಸಿದೆ. ಬಂದವರು ಅದನ್ನು ನಾಚಿಕೆ ಎಂದು ಮೆಚ್ಚಿದರು.

ಹೋದ ಸಲ ಬಂದಾಗ ನನ್ನ ಮಗನಿಗೂ ಹೇಳುತ್ತಿದ್ದ. ಮಗನಿಗೆ ಕನ್ನಡ ಅಷ್ಟಕ್ಕಷ್ಟೇ. ಆದರೂ ಕೇಳಿದ ಮೇಲೆ ನನ್ನ ಕಡೆ ತಿರುಗಿ, "ತೋ ಆಯೀ, ನಿನಗೆ ಇದು ಎಕ್ಸಾಕ್ಟ್ ಯಾವಾಗ ಪತಾ ಚಲಾ?" ಎಂದ.

ನಾನು ಬಾಯಿ ತೆರೆದೆ. ಅಣ್ಣನೇ ಮೊದಲು ಉತ್ತರಿಸಿದ. "ಹಿಂದಿನ ದಿನ! ಹಿಂದಿನ ದಿನ ತಿಳೀತು, ಮರುದಿನಾನ ಒಬ್ಬಾಕೀನ ಎರಡ ಗಾಡಿ ಬದಲಿಸಿ ಓಡಿ ಬಂದಳು ನಿಮ್ಮವ್ವ. ಹೌದಲ್ಲೇನ ತಂಗಿ?"

"ಹೌದು" ಎಂದು ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ.