ಬಸ್ ನಿಲ್ಲಿಸುವ ಗಂಡ

ಕೇಳಿ ಗೆಳೆಯರೇ, ಈ ಬೆಳಿಗ್ಗೆ ಕಂಪ್ಲಿಯಿಂದ ಹೊಸಪೇಟೆಗೆ ಬಸ್ಸಿನಲ್ಲಿ ಬರುತ್ತಿದ್ದೆ. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ, ಬರೀ ಹೆಂಗಸರೇ ನಿಂತ ಕಡೆ ಈ ಬಸ್ ನಿಲ್ಲುವುದು ಅಪರೂಪ. ದಾರಿಯಲ್ಲಿ ಒಬ್ಬ ಅಜ್ಜ ಕೈ ಅಡ್ಡ ಹಿಡಿದ. ಬಸ್ ನಿಂತಿತು. ಕೂಡಲೇ ಹುಣಸೆಮರದ ಹಿಂದಿನಿಂದ ಅವನ ಹೆಂಡತಿ, ತುಂಬು ಬಸುರಿ ಸೊಸೆ, ಅವರ ಓಣಿಯ ಹೆಂಗಸರೆಲ್ಲ ಓಡಿಬಂದು ಹತ್ತಿಬಿಟ್ಟರು. ಅಜ್ಜ ಕೆಳಗೇ ಉಳಿದ.

“ಯಜಮಾನ್ರ, ನೀವು ಹತ್ತಂಗಿಲ್ಲೇನ್ರಿ?” ಎಂದ ಕಂಡಕ್ಟರ್.

“ಅವ್ರು ಬರಂಗಿಲ್ಲಪ್ಪ, ಬಸ್ ನಿಂದ್ರಸಾಕ ಕರ್ಕೊಂಡು ಬಂದೀನಿ,” ಎಂದಳು ಅಜ್ಜಿ. “ನಿನ್ನೆ ನೀವು ನಿಂದ್ರಸದಂಗ ಹೋದ್ರಿ. ನಾವು ಆಸ್ಪತ್ರಿ ಮುಟ್ಟೋದ್ರಾಗ ಡಾಕ್ಟ್ರಮ್ಮ ಎದ್ದು ಹೋಗಿದ್ಲು. ಇವತ್ತರ ಸೊಸೀನ ತೋರಸಬೇಕು.”

ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ತನ್ನ ಸೀಟನ್ನೇ ಸೊಸೆಗೆ ಬಿಟ್ಟುಕೊಟ್ಟ.

ಎಂಥ ತಲೆ ಆ ಅಜ್ಜಿಯದು! ಸರ್ಕಾರ ಬಸ್ಸನ್ನು ಪುಕ್ಕಟೆ ಕೊಟ್ಟಿದೆ. ಬ್ರೇಕ್ ಮಾತ್ರ ಮನೆಯಿಂದ ತರಬೇಕು.