ಅಂದಾನಿಯ ಶೆಫೀಲ್ಡ್ ಉಳಿ

ಅಂದಾನಿಯ ಮನೆಯಲ್ಲಿ ಇನ್ನೂರ ಹದಿಮೂರು ಕೈ ಉಪಕರಣಗಳಿದ್ದವು. ಉಳಿ, ಸುತ್ತಿಗೆ, ಇಕ್ಕುಳ, ಬೈರಿಗೆ, ಸ್ಪ್ಯಾನರ್, ಮರ ನಯಮಾಡುವ ಕೀಸುಳಿ, ಎಲ್ಲವೂ ಯುರೋಪಿನಲ್ಲಿ ತಯಾರಾದವು. ಅದೇ ಮನೆಯಲ್ಲಿ ಅಡುಗೆಮನೆಯ ನಲ್ಲಿಗೆ ಸೋರದಂತೆ ಹಳೆಯ ಪಂಚೆಯ ಅಂಚು ಬಿಗಿದಿತ್ತು. ಫ್ಯಾನಿನ ರೆಗ್ಯುಲೇಟರ್ ಗೋಡೆಯಿಂದ ಹೊರಬಂದು ತೂಗಾಡುತ್ತಿತ್ತು. ಬಚ್ಚಲ ಬಾಗಿಲನ್ನು ಭುಜ ಕೊಟ್ಟು ನೂಕಬೇಕಿತ್ತು. ನಾನು ಮೊದಲ ಸಲ ಹೋದಾಗ ಕೂತ ಕುರ್ಚಿಯ ಕಾಲು ಅಲ್ಲಾಡಿತು. ‘ಒಂದು ಸ್ಕ್ರೂ ಬಿಗಿ ಮಾಡಿದರೆ ಸಾಕಲ್ಲ’ ಅಂದೆ. ಅಂದಾನಿ ಬಾಗಿಲ ಕಡೆ ನೋಡಿ, ಹೆಂಡತಿ ಕೇಳಿಸಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, ‘ಮೆಲ್ಲಗ ಮಾತಾಡೋ ಮಾರಾಯಾ’ ಅಂದ.

ಅವನು ಗದಗಿನವನು. ರೈಲ್ವೆಯ ಉಗ್ರಾಣವೊಂದರಲ್ಲಿ ಮೂವತ್ತೊಂದು ವರ್ಷ ಕಿಟಕಿಯ ಹಿಂದೆ ಕೂತು ಕೆಲಸಗಾರರಿಗೆ ಉಪಕರಣ ಕೊಡುವುದು, ಸಂಜೆ ವಾಪಸು ಪಡೆಯುವುದು, ಇದೇ ಅವನ ಉದ್ಯೋಗ. ಬೆಳಿಗ್ಗೆ ಹೊಳೆಯುತ್ತ ಹೋದ ಉಳಿ ಸಂಜೆ ಹಲ್ಲು ಮುರಿದುಕೊಂಡು ಬರುತ್ತಿತ್ತು. ಅದನ್ನು ನೋಡಿ ನೋಡಿ ಅವನಿಗೆ ಉಪಕರಣಗಳ ಮೇಲೆ ಮರುಕ ಹುಟ್ಟಿತು. ‘ನನ್ನ ಮನ್ಯಾಗರ ಅವು ಆರಾಮ ಇರಲಿ’ ಅನ್ನುತ್ತಿದ್ದ. ಹೀಗೆ, ಕೆಲಸದಿಂದ ನಿವೃತ್ತಿ ಪಡೆದ ಉಪಕರಣಗಳಿಗೆ ಚೆನ್ನೈ ಹತ್ತಿರದ ತಾಂಬರಮ್ಮಿನಲ್ಲಿದ್ದ ಅವನ ಎರಡು ಕೋಣೆಯ ಫ್ಲಾಟು ವಿಶ್ರಾಂತಿಧಾಮವಾಯಿತು. ಸ್ವತಃ ಅಂದಾನಿ ಜೀವಮಾನದಲ್ಲಿ ಒಂದು ಮೊಳೆ ಹೊಡೆದವನಲ್ಲ. ಅವನ ಅಂಗೈ ಹಸುಗೂಸಿನ ಅಂಗಾಲಿನಷ್ಟು ಮೆತ್ತಗಿತ್ತು.

ಪಲ್ಲಾವರಂನಲ್ಲಿ ಶುಕ್ರವಾರ ಹಳೆ ಸಾಮಾನಿನ ಸಂತೆ ಸೇರುತ್ತದೆ. ನೌಕರಿಯಲ್ಲಿದ್ದಾಗ ಶುಕ್ರವಾರಗಳಂದು ಅಂದಾನಿಗೆ ಹೊಟ್ಟೆನೋವು ಬರುತ್ತಿತ್ತು. ನಿವೃತ್ತನಾದ ವಾರವೇ ಆ ನೋವು ಪೂರ್ತಿ ವಾಸಿಯಾಯಿತು. ನಾನು ಅವನನ್ನು ಕಂಡದ್ದು ಆ ಸಂತೆಯಲ್ಲೇ. ಒಡೆದ ಮಿಕ್ಸಿ ಜಾರುಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಎರಡು ಅಂಗುಲ ಅಗಲದ ಒಂದು ಉಳಿಯನ್ನು ಕರವಸ್ತ್ರದಲ್ಲಿ ಹಿಡಿದು, ಯಾರಿಗೋ ಜ್ವರ ನೋಡುವವನ ಹಾಗೆ ಮುಟ್ಟುತ್ತಿದ್ದ. ನಾನು ಬ್ಯಾಂಕಿನಿಂದ ನಿವೃತ್ತನಾದವನು, ಹಳೆ ಪುಸ್ತಕ ಹುಡುಕುತ್ತ ಅಲ್ಲಿಗೆ ಹೋಗಿದ್ದೆ. ‘ಅಲ್ಲಿ ಏನ ಬರದೈತಿ ನೋಡ್ರಿ, ನನಗ ಕನ್ನಡಕ ಇಲ್ಲ’ ಅಂದ. ನೋಡಿದೆ. ಶೆಫೀಲ್ಡ್, ಇಂಗ್ಲೆಂಡ್ ಎಂದಿತ್ತು. ಹಿಡಿಯ ಮೇಲೆ ಕಾರ್ಖಾನೆಯ ಕಾಗದದ ಚೀಟಿ ಅರ್ಧ ಉಳಿದಿತ್ತು. ಒಮ್ಮೆಯೂ ಸಾಣೆ ಹಿಡಿಯದ ಉಳಿ. ಕನ್ನಡ ಕೇಳಿ ನನಗೂ ಸಂತೋಷವಾಗಿತ್ತು. ಅವನಿಗೆ ಕನ್ನಡಕ್ಕಿಂತ ಶೆಫೀಲ್ಡ್ ಕೇಳಿ ಹೆಚ್ಚು ಸಂತೋಷವಾದಂತೆ ಕಂಡಿತು.

ಆ ಉಳಿಯೇ ಅವನ ಸಂಗ್ರಹದ ಯಜಮಾನ. ಅದನ್ನು ಬಹುವಚನದಲ್ಲೇ ಕರೆಯುತ್ತಿದ್ದ, ‘ದೊಡ್ಡವ್ರು’ ಅಂತ.

ತಿಂಗಳ ಎರಡನೆಯ ಭಾನುವಾರ ಅವನ ಮನೆಯಲ್ಲಿ ಚರ್ಚೆ. ಸದಸ್ಯರು ಮೂವರು: ಅಂದಾನಿ, ನಾನು, ಮತ್ತು ಕಿಟ್ಟು. ಕಿಟ್ಟು ಚೆನ್ನೈಯಲ್ಲೇ ಹುಟ್ಟಿದವನು, ವಿಮೆ ಕಂಪನಿಯಲ್ಲಿದ್ದವನು, ಅರ್ಧ ವಾಕ್ಯ ಕನ್ನಡದಲ್ಲಿ ಶುರು ಮಾಡಿ ತಮಿಳಿನಲ್ಲಿ ಮುಗಿಸುವವನು. ನೆಲದ ಮೇಲೆ ಬಿಳಿ ಪಂಚೆ ಹಾಸಿ ಉಪಕರಣಗಳನ್ನು ಮಲಗಿಸಿ, ಕೈಗೆ ಹತ್ತಿಯ ಗವಸು ಹಾಕಿಕೊಂಡು ಮಾತಾಡುತ್ತಿದ್ದೆವು. ತುಕ್ಕಿಗೆ ಕೊಬ್ಬರಿ ಎಣ್ಣೆಯೋ ಹೊಲಿಗೆ ಯಂತ್ರದ ಎಣ್ಣೆಯೋ ಎಂಬ ಪ್ರಶ್ನೆ ಒಂದೂವರೆ ವರ್ಷ ನಡೆಯಿತು. ಅಂದಾನಿ ಶೆಫೀಲ್ಡಿನ ಪಕ್ಷ. ಕಿಟ್ಟು ಜರ್ಮನಿ. ಯಾರಾದರೂ ಇರಲಿ ಎಂದು ನಾನು ಸ್ವೀಡನ್ ವಹಿಸಿಕೊಂಡೆ, ನನ್ನ ಹತ್ತಿರ ಅಲ್ಲಿಯದೊಂದು ಸ್ಪ್ಯಾನರ್ ಇತ್ತು.

ಇಂಗ್ಲೆಂಡು ಯುರೋಪಿನ ಒಕ್ಕೂಟ ಬಿಟ್ಟ ತಿಂಗಳು ಕಿಟ್ಟು ಹೋಳಿಗೆ ತಿನ್ನುತ್ತ ಹೇಳಿದ: ‘ಡೇಯ್ ಅಂದಾನಿ, ನಿನ್ನ ಇಂಗ್ಲೆಂಡು ಎದ್ದು ಹೋಯ್ತು. ಇನ್ನು ಶೆಫೀಲ್ಡ್ ಸಾಮಾನೆಲ್ಲ ಯುರೋಪಿನ ಪಟ್ಟಿಯಿಂದ ತೆಗೀಬೇಕು.’

‘ಉಳಿ ತಯಾರಾದಾಗ ಒಳಗ ಇತ್ತಲ್ಲೋ!’

‘ಉಳಿ ತಯಾರಾದಾಗ ಒಕ್ಕೂಟವೇ ಇರ್ಲಿಲ್ಲ ಪಾ.’

‘ಹಂಗಾರ ನಿನ್ನ ಜರ್ಮನಿನೂ ಒಳಗ ಇರಲಿಲ್ಲ!’

ತೀರ್ಪು ಹೇಳು ಎಂದು ಇಬ್ಬರೂ ನನ್ನ ಕಡೆ ತಿರುಗಿದರು. ಸ್ವೀಡನ್ ಬಹಳ ತಡವಾಗಿ ಸೇರಿದ್ದು, ನನ್ನ ಸ್ಪ್ಯಾನರ್ ಅದಕ್ಕೂ ಹಳೆಯದು, ಹಾಗಾಗಿ ಯಾರದೂ ಯುರೋಪಿನದಲ್ಲ ಅಂದೆ. ಮೂರು ವಾರ ಇಬ್ಬರೂ ನನ್ನ ಫೋನು ಎತ್ತಲಿಲ್ಲ.

ಈ ಎಲ್ಲದರ ನಡುವೆ ಅಂದಾನಿಯ ಹೆಂಡತಿ ಸರಸಕ್ಕನದು ಒಂದೇ ಬೇಡಿಕೆ. ಬಚ್ಚಲ ಬಾಗಿಲು ನೀರು ಕುಡಿದು ಉಬ್ಬಿತ್ತು, ಅಂಚು ಒಂದಿಷ್ಟು ಕೀಸಬೇಕು, ತುಕ್ಕು ಹಿಡಿದ ಚಿಲಕ ಬದಲಿಸಬೇಕು. ಹನ್ನೊಂದು ವರ್ಷದಿಂದ ಕೇಳುತ್ತಿದ್ದರು.

‘ಬಡಗ್ಯಾನ್ನ ಕರೀತೀನಿ’ ಅಂದರೆ ಅಂದಾನಿ, ‘ಮನ್ಯಾಗ ಹದಿನಾಲ್ಕು ಕೀಸುಳಿ ಅದಾವು, ಹೊರಗಿನವ ಯಾಕ?’ ಅನ್ನುತ್ತಿದ್ದ.

‘ಹಂಗಾರ ಒಂದು ತಗೊಂಡು ನೀವ ಕೀಸ್ರಿ.’

‘ಅವು ಕೆಲಸಾ ಮಾಡೂ ಸಾಮಾನಲ್ಲ, ಸರಸಾ.’

‘ನೀವೂ ಹಂಗ ಅದೀರಿ ಬಿಡ್ರಿ. ಇಬ್ಬರಿಗೂ ಎಣ್ಣಿ ಹಚ್ಚಿ ಕಪಾಟಿನ್ಯಾಗ ಇಡ್ತೀನಿ.’

ಎರಡು ವರ್ಷದ ಹಿಂದಿನ ಆಯುಧ ಪೂಜೆಯ ದಿನ. ಅವತ್ತು ಇನ್ನೂರ ಹದಿಮೂರನ್ನೂ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ಗಂಧ ಕುಂಕುಮ ಇಟ್ಟು ಪೂಜೆ. ಮೇಲಿನ ಮೆಟ್ಟಿಲಲ್ಲಿ ದೊಡ್ಡವ್ರು, ಸೇವಂತಿಗೆ ಹಾರದೊಳಗೆ. ಪೂಜೆಗೆ ಇಟ್ಟ ಸಾಮಾನನ್ನು ಮಾರನೆಯ ದಿನ, ವಿಜಯದಶಮಿಯಂದು, ಆರತಿ ಮಾಡಿಯೇ ಮತ್ತೆ ಕೈಗೆತ್ತಿಕೊಳ್ಳಬೇಕು. ಅಲ್ಲಿಯವರೆಗೆ ಮುಟ್ಟುವಂತಿಲ್ಲ. ಉಳಿದವರ ಮನೆಯಲ್ಲಿ ಇದು ವರ್ಷಕ್ಕೊಂದು ದಿನದ ನಿಯಮ. ಅಂದಾನಿಯ ಮನೆಯಲ್ಲಿ ಆ ದಿನಕ್ಕೂ ಬೇರೆ ದಿನಕ್ಕೂ ವ್ಯತ್ಯಾಸವೆಂದರೆ ಕುಂಕುಮ ಮಾತ್ರ.

ಮಂಗಳಾರತಿಯಾಯಿತು. ಸಾಂಬ್ರಾಣಿ ಹೊಗೆ ಮನೆ ತುಂಬಿತ್ತು. ನಾನೂ ಕಿಟ್ಟುವೂ ಪುರಿ ಕಡಲೆ ತಿನ್ನುತ್ತಿದ್ದೆವು. ಬಾಗಿಲಲ್ಲಿ ಬೂದುಗುಂಬಳ ಒಡೆದ ಸರಸಕ್ಕ ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿಂದ ದಬದಬ ಸದ್ದು.

‘ಏನ್ರಿ! ಚಿಲಕಾ ಸಿಕ್ಕೊಂಡೈತಿ!’

ಅಂದಾನಿ ಭುಜ ಕೊಟ್ಟ. ನಾನು ಕೊಟ್ಟೆ. ಕಿಟ್ಟು ತನಗೆ ಸ್ಪಾಂಡಿಲೈಟಿಸ್ ಇದೆಯೆಂದು ಬಾಯಿಂದ ಬಲ ಕೊಟ್ಟ. ಬಾಗಿಲು ಅಲ್ಲಾಡಲಿಲ್ಲ. ಕೆಳಗಿನ ಬೀದಿಯ ಬಡಗಿಗೆ ಫೋನು ಮಾಡಿದೆ. ‘ಇನ್ನಿಕ್ಕಿ ಆಯುಧ ಪೂಜೆ ಸಾರ್. ಸಾಮಾನೆಲ್ಲಾ ಸಾಮಿ ಮುನ್ನಾಡಿ ಇರುಕ್ಕು. ನಾಳೆಕ್ಕಿ ವರೇನ್’ ಅಂದ. ಸಾಮಾನೆಲ್ಲ ದೇವರ ಮುಂದಿದೆ, ನಾಳೆ ಬರುತ್ತಾನಂತೆ. ಎದುರು ಮನೆಯವರೂ ಹಾಗೇ ಅಂದರು. ಮೆಕ್ಯಾನಿಕ್ ಅಂಗಡಿಗೆ ಬಾಳೆಕಂದು ಕಟ್ಟಿ ಬೀಗ ಹಾಕಿತ್ತು. ಆವತ್ತು ಇಡೀ ತಾಂಬರಮ್ಮಿನಲ್ಲಿ ಕೆಲಸಕ್ಕೊದಗುವ ಒಂದು ಸ್ಕ್ರೂಡ್ರೈವರ್ ಇರಲಿಲ್ಲ.

‘ಬಾಗಿಲ ಹಿಂಜಿನ ಸ್ಕ್ರೂ ಬಿಚ್ಚಬಹುದು’ ಎಂದು ಕಿಟ್ಟು ಚರ್ಚೆ ಆರಂಭಿಸಿದ. ‘ಜರ್ಮನಿಯ ಸ್ಕ್ರೂಡ್ರೈವರಿನ ತುದಿ...’

‘ಹಿಂಜು ಒಳಗಡೆ ಇದೆ ಕಣಯ್ಯ’ ಅಂದೆ.

‘ಹಾಗಾದರೆ ನಿನ್ನ ಸ್ವೀಡನ್ ಸ್ಪ್ಯಾನರು?’

‘ಸ್ಪ್ಯಾನರಿಂದ ಬಾಗಿಲು ತೆಗೀತಾರೇನೋ? ಅಲ್ಲದೆ ಅದು ಮಾಧವರಂನಲ್ಲಿ, ನನ್ನ ಮನೆಯಲ್ಲಿದೆ’ ಅಂದೆ. ನಿಜಕ್ಕೂ ಅದು ಅಲ್ಲೇ ಪೂಜೆಯ ಮೂರನೆಯ ಮೆಟ್ಟಿಲಲ್ಲಿತ್ತು, ನಾನೇ ಬೆಳಿಗ್ಗೆ ತಂದಿಟ್ಟದ್ದು. ಸುಳ್ಳು ಯಾಕೆ ಬಾಯಿಗೆ ಬಂತೋ ಇವತ್ತಿಗೂ ತಿಳಿಯದು.

ಒಳಗಿಂದ ಸರಸಕ್ಕ: ‘ಹೊರಗ ಏನ್ ಮೀಟಿಂಗ್ ನಡಸೀರಿ? ನಾಳೆ ಆರತಿ ಆದಮ್ಯಾಲ ತಗೀತೀರೇನ? ಹಂಗಾರ ಕಿಂಡ್ಯಾಗ ಒಂದು ಹೋಳಗಿ ಒಗೀರಿ!’

ಅಂದಾನಿ ಅಡುಗೆಮನೆಗೆ ಓಡಿ ದೋಸೆ ಮೊಗಚುವ ಕೈ ತಂದ. ಪೂಜೆಗೆ ಇಡದ ಕಬ್ಬಿಣದ ವಸ್ತು ಮನೆಯಲ್ಲಿ ಅದೊಂದೇ. ಬಾಗಿಲ ಸಂದಿಗೆ ತೂರಿಸಿ ಮೀಟಿದ. ಅದು ನಮಸ್ಕಾರ ಮಾಡುವವರ ಹಾಗೆ ಬಾಗಿತು.

ಅಷ್ಟರಲ್ಲಿ ಅಂದಾನಿಯ ಮಗಳು, ಮೌನ ಅಂತ ಹೆಸರು, ಕೋಯಂಬೇಡಿನ ತನ್ನ ಮನೆಯಿಂದ ಫೋನಿನಲ್ಲಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತು ತಮಿಳು. ‘ಅಪ್ಪಾ, ಕದವ ಉಡೈಂಗಪ್ಪಾ!’ ಎಂದು ಕೂಗಿದಳು. ಬಾಗಿಲು ಒಡೆಯಿರಿ ಎಂದು. ಆಮೇಲೆ, ‘ಅಮ್ಮಾವುಕ್ಕು ವೀಸಿಂಗ್’ ಅಂದಳು.

ಅದು ನಮಗೆಲ್ಲ ಮರೆತೇ ಹೋಗಿತ್ತು. ಸರಸಕ್ಕನಿಗೆ ಉಬ್ಬಸ. ಅವರ ಇನ್‌ಹೇಲರ್ ಫ್ರಿಜ್ಜಿನ ಮೇಲಿತ್ತು. ಸಾಂಬ್ರಾಣಿ ಹೊಗೆ ಬಚ್ಚಲ ಕಿಂಡಿಯಿಂದ ಒಳಗೆ ಹೋಗುತ್ತಿತ್ತು. ನಾನು ಧೂಪದ ಬಟ್ಟಲು ಹಿಡಿದು ಬಾಲ್ಕನಿಗೆ ಓಡಿದೆ. ವಾಪಸು ಬರುವಷ್ಟರಲ್ಲಿ ಒಳಗಿನ ಬೈಗುಳ ನಿಂತಿತ್ತು. ಒಂದು ಕೆಮ್ಮು, ಇನ್ನೊಂದು ಕೆಮ್ಮು, ನಡುವೆ ಸೀಟಿಯಂಥ ಉಸಿರು.

‘ಸರಸಾ, ಬೈಯಿ ನನಗ’ ಅಂದ ಅಂದಾನಿ. ‘ಏನರ ಅನ್ನು.’

ಒಳಗಿಂದ ಇನ್ನೊಂದು ಕೆಮ್ಮು ಬಂತು.

ಅಂದಾನಿ ಪೂಜೆಯ ಹತ್ತಿರ ಹೋದ. ಗವಸು ಹಾಕಿಕೊಳ್ಳಲಿಲ್ಲ. ಹಾರ ಸರಿಸಿ ದೊಡ್ಡವ್ರನ್ನು ಬರಿಗೈಯಲ್ಲಿ ಎತ್ತಿಕೊಂಡ. ಕಿಟ್ಟು ‘ಅಯ್ಯೋ’ ಅಂದ. ಚಿಲಕದ ನೇರಕ್ಕೆ ಸಂದಿಯಲ್ಲಿ ಉಳಿ ಹೊಂದಿಸಿ, ಏಲಕ್ಕಿ ಕುಟ್ಟುವ ಕಲ್ಲಿನಿಂದ ಹೊಡೆದ. ಮೊದಲ ಏಟು ಅವನ ಹೆಬ್ಬೆರಳಿಗೆ. ಎರಡನೆಯದೂ ಹೆಬ್ಬೆರಳಿಗೆ. ಇನ್ನೂರ ಹದಿಮೂರು ಉಪಕರಣಗಳ ಒಡೆಯನಿಗೆ ಉಳಿ ಹೇಗೆ ಹಿಡಿಯಬೇಕೆಂದು ಗೊತ್ತಿರಲಿಲ್ಲ. ಅವನು ಅದನ್ನು ಓರೆಯಾಗಿ, ಮಗ್ಗುಲಿಗೆ ಹಿಡಿದಿದ್ದ. ನನಗೂ ಗೊತ್ತಿರಲಿಲ್ಲ. ಕಿಟ್ಟುವಿಗೆ ಗೊತ್ತಿತ್ತಂತೆ, ಆಮೇಲೆ ಹೇಳಿದ. ಮೂರನೆಯ ಏಟಿಗೆ ಟಣ್ ಎಂದಿತು. ಉಳಿಯ ಅಂಚಿನ ಚೂರೊಂದು ಹಾರಿ ಪುರಿಯ ತಟ್ಟೆಗೆ ಬಿತ್ತು. ಚಿಲಕ ಕಿತ್ತು ಬಂತು.

ಸರಸಕ್ಕ ಗೋಡೆ ಹಿಡಿದು ಹೊರಗೆ ಬಂದು ಕುರ್ಚಿಯಲ್ಲಿ ಕೂತರು. ಕುರ್ಚಿ ಅಲ್ಲಾಡಿತು. ಇನ್‌ಹೇಲರ್ ಎರಡು ಸಲ ಎಳೆದುಕೊಂಡು, ಉಸಿರು ತಹಬಂದಿಗೆ ಬರುವವರೆಗೆ ಗಂಡನನ್ನೇ ನೋಡಿದರು. ಅವನ ಹೆಬ್ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗುತ್ತಿತ್ತು. ಕೈಯಲ್ಲಿ ಇನ್ನೂ ಉಳಿ.

‘ಮುರೀತಲ್ರಿ ಅದು’ ಅಂದರು.

‘ಮುರೀಲಿ’ ಅಂದ ಅಂದಾನಿ.

ಮಾರನೆಯ ದಿನ ಆರತಿ ಮುಗಿದದ್ದೇ ತಡ, ಒಂದು ಕೀಸುಳಿ ತೆಗೆದುಕೊಂಡು ತಾನೇ ಬಾಗಿಲು ಕೀಸಿದನಂತೆ. ಹನ್ನೊಂದು ವರ್ಷದ ಬಾಕಿ ಕೆಲಸ ಒಂದೇ ದಿನ ಮಾಡುವ ಉತ್ಸಾಹದಲ್ಲಿ ನಾಲ್ಕು ಬೆರಳಗಲ ಕೀಸಿಬಿಟ್ಟ. ಅಂದಿನಿಂದ ಆ ಬಾಗಿಲು ಮುಚ್ಚುವುದೇ ಇಲ್ಲ. ಒಳಗೆ ಹೋದವರು ಇದ್ದೇವೆಂದು ತಿಳಿಸಲು ಹಾಡುತ್ತಿರಬೇಕು. ಕಿಟ್ಟು ಶ್ರುತಿ ಹಿಡಿದು ಕೂತರೆ ಅರ್ಧ ಗಂಟೆ ಹೊರಗೆ ಬರುತ್ತಿರಲಿಲ್ಲ.

ಭಾನುವಾರದ ಚರ್ಚೆಗಳು ಮುಂದುವರಿದವು. ದೊಡ್ಡವ್ರು ಮಾತ್ರ ಕೆಂಪು ಮಖಮಲ್ಲಿನಲ್ಲಿ ಸುತ್ತಿಕೊಂಡೇ ಬರುತ್ತಿದ್ದರು. ಬಿಚ್ಚು ಅಂದರೆ ‘ದೊಡ್ಡವ್ರು ಮಲಗ್ಯಾರ, ಎಬ್ಬಸಬ್ಯಾಡ್ರಿ’ ಅನ್ನುತ್ತಿದ್ದ. ಮುರಿದ ಅಂಚು ನೋಡಲು ಅವನಿಗೆ ಸಂಕಟ ಎಂದುಕೊಂಡು ನಾವೂ ಒತ್ತಾಯಿಸಲಿಲ್ಲ. ಆ ಗಂಟಿಗೆ ದೂರದಿಂದಲೇ ಕೈಮುಗಿಯುತ್ತಿದ್ದೆವು.

ಈ ವರ್ಷ ಮಾರ್ಚಿನ ಒಂದು ಶುಕ್ರವಾರ ಅಂದಾನಿ ಪಲ್ಲಾವರಂ ಸಂತೆಯಿಂದ ಬಂದು, ಚಪ್ಪಲಿ ಬಿಚ್ಚಲು ಬಾಗಿಲ ಬಳಿ ಕೂತವನು ಏಳಲಿಲ್ಲ. ಚೀಲದಲ್ಲಿ ಒಂದು ಇಕ್ಕುಳ ಇತ್ತು. ಅದು ಯಾವ ದೇಶದ್ದೆಂದು ಕಿಟ್ಟುವಿಗೂ ನನಗೂ ಇನ್ನೂ ಗೊತ್ತಾಗಿಲ್ಲ. ಕೇಳೋಣವೆಂದು ಎರಡು ಸಲ ಅವನ ನಂಬರು ಒತ್ತಿದ್ದೇನೆ.

ಹದಿನೈದು ದಿನವಾದ ಮೇಲೆ ಸರಸಕ್ಕ ನಮ್ಮಿಬ್ಬರನ್ನೂ ಕರೆಸಿದರು. ಸಾಮಾನೆಲ್ಲ ನೋಡಿ, ಯಾರಿಗೆ ಕೊಟ್ಟರೆ ಚೆನ್ನಾಗಿ ನೋಡಿಕೊಳ್ಳುತ್ತಾರೆ ಹೇಳಿ ಅಂದರು. ಪಂಚೆ ಹಾಸಿ ಒಂದೊಂದನ್ನೇ ಇಳಿಸಿದೆವು. ಕೊನೆಗೆ ಮಖಮಲ್ಲಿನ ಗಂಟು. ಕಿಟ್ಟು ಗವಸು ಸರಿಮಾಡಿಕೊಂಡು, ಕಣ್ಣು ಒರೆಸಿಕೊಂಡು ಬಿಚ್ಚಿದ.

ಒಳಗೆ ಬಾಗಿದ ದೋಸೆ ಮೊಗಚುವ ಕೈ ಇತ್ತು. ಅದಕ್ಕೊಂದು ಚೀಟಿ ಕಟ್ಟಿತ್ತು, ಅಂದಾನಿಯ ದುಂಡು ಅಕ್ಷರ: ‘ತಯಾರಿಕೆ ತಾಂಬರಂ. ಒಮ್ಮೆ ಮಾತ್ರ ಬಳಸಿದ್ದು.’

‘ಒಂದೂವರೆ ವರ್ಷ ಇದಕ್ಕೆ ಕೈಮುಗಿದೆನೇನೋ!’ ಅಂದ ಕಿಟ್ಟು. ಅವನಿಗೆ ನಗು ಬಂತು, ನನಗೂ ಬಂತು. ತಡೆಯಲಾಗದೆ ನಕ್ಕೆವು. ಸಾವಿನ ಮನೆಯಲ್ಲಿ ಹೀಗೆ ನಗಬಾರದೆಂದು ಬಾಯಿಗೆ ಗವಸು ಒತ್ತಿಕೊಂಡರೆ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ.

ಅಡುಗೆಮನೆಯಿಂದ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಹೋಗಿ ನೋಡಿದೆವು. ಸರಸಕ್ಕ ಮಣೆಯ ಮೇಲೆ ಬೆಲ್ಲದ ಉಂಡೆ ಇಟ್ಟು ಒಡೆಯುತ್ತಿದ್ದರು. ಕೈಯಲ್ಲಿ ದೊಡ್ಡವ್ರು. ಕಾಗದದ ಚೀಟಿ ಹಾಗೇ ಇತ್ತು, ಅದರ ಮೇಲೆ ಬೆಲ್ಲ ಅಂಟಿತ್ತು. ಅಂಚಿನ ಮುರುಕು ಬೆಲ್ಲದ ಉಂಡೆಯನ್ನು ಕಚ್ಚಿ ಹಿಡಿಯಲು ಹೇಳಿ ಮಾಡಿಸಿದಂತಿತ್ತು.

‘ಸರಸಕ್ಕಾ, ಅದು ಶೆಫೀಲ್ಡ್!’ ಎಂದು ಕಿಟ್ಟು ಕಿರುಚಿದ.

‘ಇರಲಿ ಕಿಟ್ಟಣ್ಣಾರ, ಬೆಲ್ಲಕ್ಕೇನ ತಿಳೀತೈತಿ?’ ಅಂದರು. ‘ಬಾಗಲಾ ಮುರದ ಮರುದಿನಾನ ತಂದು ನನ್ನ ಕೈಯಾಗ ಇಟ್ರು. ಇನ್ನ ಇದು ನಿಂದು, ಏನ ಬೇಕಾರ ಮಾಡು, ಕಿಟ್ಟೂಗ ಮಾತ್ರ ಹೇಳಬ್ಯಾಡ ಅಂದ್ರು. ಇಷ್ಟ ದಿನಾ ಇದರಾಗ ಒಡದ ಬೆಲ್ಲದ ಚಾನ ನೀವು ಕುಡದದ್ದು.’

ಉಳಿದದ್ದನ್ನೆಲ್ಲ ಒಯ್ಯಿರಿ, ಇದೊಂದು ಬಿಟ್ಟು ಅಂದರು. ಉಳಿಯನ್ನು ಸೆರಗಿನಿಂದ ಒರೆಸಿ ಸಕ್ಕರೆ ಡಬ್ಬಿಯ ಪಕ್ಕ ಇಟ್ಟರು. ಎಣ್ಣೆ ಹಚ್ಚಲಿಲ್ಲ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮುಖ ತೊಳೆಯಲು ಬಚ್ಚಲಿಗೆ ಹೋದೆ. ಬಾಗಿಲು ನೂಕಿದೆ, ಎಂದಿನಂತೆ ನಾಲ್ಕು ಬೆರಳು ತೆರೆದೇ ಉಳಿಯಿತು.

‘ಜಯರಾಮಣ್ಣಾರ, ಹಾಡ್ರಿ! ಕಿಟ್ಟಣ್ಣಾರ ಬರಾಕತ್ತಾರ!’ ಎಂದು ಸರಸಕ್ಕ ನನ್ನನ್ನು ಕೂಗಿದರು.

ಹಾಡಲು ಬಾಯಿ ತೆರೆದೆ. ಕೆಮ್ಮಿದೆ.

‘ಕೆಮ್ಮಿದ್ರೂ ನಡೀತೈತ್ರಿ’ ಅಂದರು ಹೊರಗಿನಿಂದ.