ನೀರುಗಂಟಿಯ ರಕ್ತದೊತ್ತಡ

೧೯೩೭ರಲ್ಲಿ ನಾನು ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಹುದ್ದೆಯ ಹೆಸರು ಉದ್ದ, ಕೆಲಸ ಅದಕ್ಕಿಂತ ಉದ್ದ. ಮಲೇರಿಯಾ, ಹುಣ್ಣು, ಚೇಳು ಕಡಿತಗಳ ನಡುವೆ ಬ್ಲಡ್ ಪ್ರೆಶರ್ ನೋಡುವ ಯಂತ್ರವೊಂದು ಆ ವರ್ಷ ಬಂತು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರೆ ಗಾಜಿನ ಕೊಳವೆಯಲ್ಲಿ ಪಾದರಸ ಏರುತ್ತದೆ; ರಕ್ತ ನಾಳವನ್ನು ಎಷ್ಟು ಒತ್ತುತ್ತಿದೆ ಎಂಬುದು ತಿಳಿಯುತ್ತದೆ. ತಿಳಿದ ಮೇಲೆ ಮಾಡುವುದೇನು ಎಂಬುದು ಮಾತ್ರ ನಮಗೆ ಅಷ್ಟಾಗಿ ಗೊತ್ತಿರಲಿಲ್ಲ. ಉಪ್ಪು ಬಿಡಿಸುತ್ತಿದ್ದೆವು, ನರ ಶಾಂತವಾಗಲೆಂದು ಬ್ರೋಮೈಡ್ ಕುಡಿಸುತ್ತಿದ್ದೆವು, ಮಲಗಿ ಎನ್ನುತ್ತಿದ್ದೆವು.

ಆ ಬೇಸಿಗೆಯಲ್ಲಿ ಕಂಪ್ಲಿ ಕಡೆಯ ಹಳ್ಳಿಯಿಂದ ಗೌರಮ್ಮ ಎಂಬಾಕೆ ತನ್ನ ಗಂಡ ಈರಪ್ಪನನ್ನು ಗಾಡಿಯಲ್ಲಿ ಕರೆತಂದಳು. ಐವತ್ತರ ಆಸುಪಾಸಿನ ಗಟ್ಟಿ ಆಳು. ತಲೆ ಸಿಡಿಯುತ್ತಿತ್ತು, ಕಣ್ಣು ಮಂಜಾಗಿತ್ತು. ಗಡ್ಡ ಎದೆ ಮುಟ್ಟುವಂತೆ ಬೆಳೆದಿತ್ತು. ಪ್ರೆಶರ್ ಇನ್ನೂರ ಇಪ್ಪತ್ತು. ನೂರೈವತ್ತು ದಾಟಿದರೇ ನಾವು ಹುಬ್ಬು ಗಂಟಿಕ್ಕುತ್ತಿದ್ದ ಕಾಲ ಅದು. ಯಾವ ಗಳಿಗೆಯಲ್ಲಾದರೂ ಮೆದುಳಿನ ನಾಳ ಒಡೆಯಬಹುದಿತ್ತು.

ವಾರ್ಡಿನಲ್ಲಿ ಮಲಗಿಸಿದೆ. ಅಕ್ಕಪಕ್ಕದ ಹಾಸಿಗೆಯವರು ಹಗಲೆಲ್ಲ ಹರಟುತ್ತಿದ್ದರು. ವಾರದಲ್ಲಿ ಪ್ರೆಶರ್ ನೂರ ಎಪ್ಪತ್ತಕ್ಕಿಳಿಯಿತು. ಬ್ರೋಮೈಡಿನ ಮಹಿಮೆ ಎಂದುಕೊಂಡು ಮನೆಗೆ ಕಳಿಸಿದೆ. ಮತ್ತೆ ಬಂದಾಗ ಇನ್ನೂರ ಮೂವತ್ತಾಗಿತ್ತು. ಮನೆಯಲ್ಲೂ ಅದೇ ಔಷಧಿ, ಅದೇ ಉಪ್ಪಿಲ್ಲದ ಗಂಜಿ. ಆಸ್ಪತ್ರೆ ಸೇರಿದ ಮೇಲೆ ಪುನಃ ಇಳಿಯತೊಡಗಿತು. ಮನೆಯಲ್ಲಿ ಅಂಥದ್ದೇನಿದೆ ಎಂದು ಗೌರಮ್ಮನನ್ನೇ ಕೇಳಿದೆ.

“ಏನೂ ಇಲ್ರಿ, ಅದಕ್ಕ ಹಿಂಗಾಗೇತಿ,” ಎಂದಳು. “ಯಾರೂ ಬರಂಗಿಲ್ಲ.”

ಈರಪ್ಪ ಊರಿನ ನೀರುಗಂಟಿ. ಸರದಿಯಂತೆ ತೂಬು ಎತ್ತಿ ಕಾಲುವೆಯ ನೀರನ್ನು ಗದ್ದೆಗಳಿಗೆ ಬಿಡುವುದು ಅವನ ಕೆಲಸ. ಅಕ್ಕಿ ಮಿಲ್ಲಿನ ಸಾಹುಕಾರ ಚನ್ನಬಸಪ್ಪನ ಕಡೆಯವರು ಸರದಿ ತಪ್ಪಿಸಿ ತೂಬು ಎತ್ತಿಕೊಂಡರೆಂದು ಕಾಲುವೆ ತುದಿಯ ರೈತರು ಕೋರ್ಟಿಗೆ ಹೋಗಿದ್ದರು. ಈರಪ್ಪ ಕಂಡದ್ದನ್ನು ಕಂಡ ಹಾಗೆ ಸಾಕ್ಷಿ ಹೇಳಿದ. ಸಾಹುಕಾರ ಅವನದೇ ಕುಲದವನು. ಆ ಕಡೆ ‘ದೈವ’ ಎಂದು ಕರೆಯುವ ಕುಲದ ಹಿರಿಯರ ಸಭೆ ಸೇರಿ ಈರಪ್ಪನನ್ನು ಹೊರಗಿಟ್ಟಿತು. ಅವನಿಗೆ ಯಾರೂ ಕ್ಷೌರ ಮಾಡುವಂತಿಲ್ಲ, ಅವನ ಒಲೆಗೆ ಕೆಂಡ ಕೊಡುವಂತಿಲ್ಲ, ಮದುವೆಗೆ ಕರೆಯುವಂತಿಲ್ಲ. ತೂಬಿನ ಕೆಲಸವೂ ಬೇರೆಯವರ ಪಾಲಾಯಿತು.

ನಾನು ಚನ್ನಬಸಪ್ಪನಿಗೆ ಹೇಳಿ ಕಳಿಸಿದೆ. ರಾಕ್ಷಸನೇನಲ್ಲ, ರೋಗಿಗೆಂದು ಬಾಳೆಹಣ್ಣು ಹಿಡಿದೇ ಬಂದ.

“ನಮಗೂ ಭಾಳ ಸಂಕಟ ಐತ್ರಿ ಡಾಕ್ಟ್ರೇ. ಕೋರ್ಟಿನ್ಯಾಗ ಹೇಳಿದ್ದು ಸುಳ್ಳು ಅಂತ ದೈವದ ಮುಂದ ಒಂದ್ ಮಾತ್ ಅನ್ಲಿ, ಎಲ್ಲಾ ಮುಗೀತು.”

ಅವನು ಹೋದ ಮೇಲೆ ಈರಪ್ಪ, “ಕಂಡದ್ದನ್ನ ಕಂಡಿಲ್ಲ ಅಂತ ಹೆಂಗ ಅನ್ಲಿ?” ಎಂದ.

“ನಿನ್ನ ಖರೇ ಮಾತು ಇಟ್ಗೊಂಡು ನಾ ಏನ್ ಮಾಡ್ಲಿ? ನೀ ಇದ್ರ ಸಾಕು,” ಎಂದು ಗೌರಮ್ಮ ಅತ್ತಳು. ನನ್ನತ್ತ ತಿರುಗಿ, “ನೀವರ ಹೇಳ್ರಿ ಡಾಕ್ಟ್ರೇ,” ಎಂದಳು.

ಹೊರಗೆ ಜ್ವರದವರ ಸಾಲು ಕಾಯುತ್ತಿತ್ತು. ನನಗೆ ಸಾಕುಸಾಕಾಗಿತ್ತು. “ಈರಪ್ಪ, ಹೀಗೆ ಒಂಟಿಯಾಗಿದ್ದರೆ ನೀನು ಈ ವರ್ಷ ದಾಟುವುದು ಕಷ್ಟ. ಇದಕ್ಕೆ ನನ್ನಲ್ಲಿ ಔಷಧಿ ಇಲ್ಲ,” ಎಂದೆ. ಅವನು ಗೋಡೆ ಕಡೆ ಹೊರಳಿ ಮಲಗಿದ.

ದೀಪಾವಳಿ ಕಳೆದ ಮೇಲೆ ಬಂದ. ಕೆನ್ನೆ ನುಣ್ಣಗಿತ್ತು, ಜೊತೆಗೆ ಊರವರು ನಾಲ್ಕಾರು ಜನ. ಪ್ರೆಶರ್ ನೂರೈವತ್ತು. ಗೌರಮ್ಮನ ಮುಖ ನೋಡಿ ನನಗೂ ಹಿಗ್ಗಾಯಿತು. ತೂಬಿನ ಕೆಲಸ ಮತ್ತೆ ಸಿಕ್ಕಿತೇ ಎಂದು ಕೇಳಿದೆ.

“ಸಿಕ್ತ್ರಿ. ಸಾವ್ಕಾರ್ರು ಎತ್ತು ಅಂದಾಗ ಎತ್ತತೀನಿ.”

“ಕಾಲುವೆ ತುದಿಯವರು?”

ಅಂಗಿಯ ತೋಳು ಕೆಳಗೆ ಎಳೆದುಕೊಳ್ಳುತ್ತ ಹೇಳಿದ: “ಅವ್ರು ನನ್ನ ಕೂಡ ಮಾತಾಡೋದು ಬಿಟ್ಟಾರ್ರಿ.”

ಅಂದಿನಿಂದ ತೋಳಿಗೆ ಪಟ್ಟಿ ಸುತ್ತುವ ಮೊದಲು, ನಿಮ್ಮ ಮನೆಗೆ ಯಾರು ಬರುತ್ತಾರೆ ಎಂದು ರೋಗಿಯನ್ನು ಕೇಳುವುದು ನನಗೆ ರೂಢಿಯಾಯಿತು. ಜನ ದೂರವಾದರೆ ಮನುಷ್ಯನ ರಕ್ತವೇ ಕೆಡುತ್ತದೆ ಎಂಬುದನ್ನು ಈ ಕೆಲಸ ಕಲಿಸಿತು. ಈರಪ್ಪ ಬಹಳ ವರ್ಷ ಬದುಕಿದ. ಅಂಥವನು ಇನ್ನೊಬ್ಬ ಬಂದರೂ ನಾನು ಅಂದು ಹೇಳಿದ್ದನ್ನೇ ಹೇಳುತ್ತೇನೆ. ಹೇಳಿ, ಅವನ ಮುಖ ನೋಡಲಾರದೆ ಮುಂದಿನ ರೋಗಿಯನ್ನು ಕರೆಯುತ್ತೇನೆ.